ಕೆರೆ ಕೇಸು, ಕಾಲೊನಿ ಕೇಸು

ಕೋಲಾರದ ಕೋರ್ಟು ಆವರಣದಲ್ಲಿ ನನಗೆ ಎರಡು ಹೆಸರಿವೆ. ಕೆಲವರಿಗೆ ನಾನು ಕೆರೆ ಲಾಯರಮ್ಮ. ಇನ್ನು ಕೆಲವರಿಗೆ ಅಟ್ರಾಸಿಟಿ ಲಾಯರಮ್ಮ. ಮೊದಲನೆಯ ಹೆಸರಿನಲ್ಲಿ ಸ್ವಲ್ಪ ತಮಾಷೆ ಇರುತ್ತದೆ, ಎರಡನೆಯದರಲ್ಲಿ ಸ್ವಲ್ಪ ಸಿಟ್ಟು. ಬಾರ್ ಅಸೋಸಿಯೇಷನ್ ರೂಮಿನಲ್ಲಿ ಹಿರಿಯರೊಬ್ಬರು ಒಂದು ಸಲ ಕರೆದು ಕೂರಿಸಿಕೊಂಡು ಬುದ್ಧಿ ಹೇಳಿದ್ದರು. "ಯಾವುದಾದ್ರೂ ಒಂದು ಲೈನ್ ಹಿಡಿಯಮ್ಮ. ಪರಿಸರ ಅಂದ್ರೆ ಪರಿಸರ ಮಾಡು, ಹೆಸರು ಬರುತ್ತೆ, ಪೇಪರಲ್ಲಿ ಫೋಟೋ ಬರುತ್ತೆ. ಎಸ್‌ಸಿ-ಎಸ್‌ಟಿ ಕೇಸು ಅಂದ್ರೆ ಅದನ್ನೇ ಮಾಡು. ಎರಡು ದೋಣಿ ಮೇಲೆ ಕಾಲಿಟ್ರೆ ಯಾವ ದಡಾನೂ ಸಿಗಲ್ಲ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ನಮ್ಮ ಜಿಲ್ಲೆಯಲ್ಲಿ ಇವು ಎರಡು ದೋಣಿ ಅಂತ ನನಗೆ ಅನ್ನಿಸಿದ್ದೇ ಇಲ್ಲ. ಯಾಕೆ ಅಂತ ಬರೆಯೋಣ ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ಮೊದಲು ಹೊಟ್ಟೆಪಾಡಿನ ಮಾತು ಮುಗಿಸಿಬಿಡುತ್ತೇನೆ. ಸಿಕ್ಕವರೆಲ್ಲ ಕೇಳುವುದೇ ಅದನ್ನು. ನನ್ನ ಆಫೀಸಿನ ಬಾಡಿಗೆ ಕಟ್ಟುವುದು ಕೆರೆಯೂ ಅಲ್ಲ, ಅಟ್ರಾಸಿಟಿಯೂ ಅಲ್ಲ. ಚೆಕ್ ಬೌನ್ಸ್. ಅದರ ಜೊತೆಗೆ ಒಂದಿಷ್ಟು ಅಪಘಾತ ಪರಿಹಾರದ ಕೇಸು, ಅಣ್ಣತಮ್ಮಂದಿರ ಭಾಗದ ದಾವೆ. ಬೆಳಿಗ್ಗೆ ಫೈನಾನ್ಸ್ ಪಾರ್ಟಿಯ ಪರವಾಗಿ ನಿಂತು, ಮಧ್ಯಾಹ್ನ ಕೂಲಿಯವರ ಪರವಾಗಿ ನಿಲ್ಲುವುದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ನನಗೂ ಮೊದಮೊದಲು ಅನ್ನಿಸುತ್ತಿತ್ತು. ಈಗ ಇಲ್ಲ. ಕಾಲೊನಿಯವರು, ಅಂದರೆ ದಲಿತರ ಕೇರಿಯವರು, ಫೀಸು ಕೊಡಲ್ಲ ಅಂತಲ್ಲ, ಅವರ ಲೆಕ್ಕ ಬೇರೆ. ಅವರೆಕಾಯಿ ಕಾಲದಲ್ಲಿ ಅವರೆಕಾಯಿ ಬರುತ್ತದೆ, ಶ್ರೀನಿವಾಸಪುರದ ಕಡೆಯ ಪಾರ್ಟಿಯಾದರೆ ಮಾವಿನಹಣ್ಣು. ಟೊಮೆಟೊ ರೇಟು ಬಿದ್ದ ವರ್ಷ ಮಾತ್ರ ಆಫೀಸಿನಲ್ಲಿ ಕಾಲಿಡಲು ಜಾಗ ಇರಲ್ಲ, ಅಷ್ಟು ಕ್ರೇಟು.

ಯಾವ ಊರಿನ ಕೇಸು ಬಂದರೂ ನಾನು ಮೊದಲು ತರಿಸುವುದು ಗ್ರಾಮ ನಕ್ಷೆ. ಪಹಣಿ ಆಮೇಲೆ. ಪಹಣಿಯಲ್ಲಿ ಹೆಸರು ಬದಲಾಗುತ್ತಿರುತ್ತದೆ, ನಕ್ಷೆಯಲ್ಲಿ ಹಳ್ಳ ಅಷ್ಟು ಸುಲಭವಾಗಿ ಬದಲಾಗಲ್ಲ. ನಕ್ಷೆಯನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಫೈಲು ಇಟ್ಟು, ಮೊದಲು ಕೆರೆ ಎಲ್ಲಿದೆ ನೋಡುತ್ತೇನೆ. ಆಮೇಲೆ ಏರಿ, ತೂಬು, ಕೋಡಿ. ಕೋಡಿಯಿಂದ ಇಳಿಯುವ ಹಳ್ಳಕ್ಕೆ ಜೋಡಿ ಗೆರೆ ಎಳೆದಿರುತ್ತಾರೆ. ಆ ಗೆರೆ ಹಿಡಿದುಕೊಂಡು ಬೆರಳು ಇಳಿಸಿದರೆ ಹಳ್ಳ ಎಲ್ಲಿ ಅಗಲವಾಗುತ್ತದೋ ಅದರ ಪಕ್ಕದಲ್ಲಿ ಸಣ್ಣ ಸಣ್ಣ ಚೌಕಗಳ ಒಂದು ಗುಂಪು. ಅದು ಕಾಲೊನಿ. ಎಲ್ಲ ಊರಲ್ಲೂ ಹೀಗೇ ಅಂತ ಹೇಳಲ್ಲ. ನನ್ನ ಮೇಜಿಗೆ ಬಂದ ನಕ್ಷೆಗಳಲ್ಲಿ ಜಾಸ್ತಿ ಹೀಗೇ. ಊರು ದಿಣ್ಣೆ ಮೇಲೆ, ಕಾಲೊನಿ ತಗ್ಗಿನಲ್ಲಿ. ನಿವೇಶನ ಹಂಚುವ ಕಾಲಕ್ಕೆ ಯಾರಿಗೂ ಬೇಡವಾಗಿದ್ದ ಜಾಗ ಅದೇ ತಾನೇ. ಹಾಗಾಗಿ ಊರಿನಿಂದ ಇಳಿದು ಬರುವುದೆಲ್ಲ ಮೊದಲು ಕಾಲೊನಿ ಮುಂದೆ ಹಾದು ಹೋಗುತ್ತದೆ. ಮಳೆ ನೀರಾದರೂ ಅಷ್ಟೆ, ಚರಂಡಿ ನೀರಾದರೂ ಅಷ್ಟೆ.

ಇದರಲ್ಲಿ ಇನ್ನೊಂದು ಬೇಸರದ ಸಂಗತಿ ಇದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯನ್ನು ಸಾಕಿದ್ದು ಕೆರೆಗಳು. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಗುವ ಮೊದಲು, ಹಳೆಯ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಆ ಕೆರೆಗಳ ತೂಬು ಎತ್ತಿ ಇಳಿಸುತ್ತಿದ್ದವರು, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ನೀರು ಅಂತ ತೀರ್ಮಾನ ಮಾಡುತ್ತಿದ್ದವರು ನೀರುಗಂಟಿಗಳು. ಬಹಳಷ್ಟು ಊರುಗಳಲ್ಲಿ ಆ ಕೆಲಸ ದಲಿತ ಕುಟುಂಬಗಳದ್ದು. ಕೆಲಸಕ್ಕೆ ಪ್ರತಿಯಾಗಿ ಒಂದಿಷ್ಟು ಇನಾಂತಿ ಜಮೀನು ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ ತೋಟಿ, ತಳವಾರ, ನೀರುಗಂಟಿ ಎಲ್ಲ ಹೋಯಿತು. ಜಮೀನನ್ನು ಅದೇ ಕುಟುಂಬಕ್ಕೆ ಮರುಮಂಜೂರು ಮಾಡಬೇಕು ಅಂತ ಕಾಯ್ದೆಯಲ್ಲಿತ್ತು. ಎಷ್ಟೋ ಜನಕ್ಕೆ ಮರುಮಂಜೂರಾತಿ ಅಂತ ಒಂದಿದೆ ಅನ್ನುವುದೇ ಗೊತ್ತಾಗಲಿಲ್ಲ. ಗೊತ್ತಾದವರಲ್ಲಿ ಕೆಲವರು ಮದುವೆಗೆ, ಆಸ್ಪತ್ರೆಗೆ ಅಂತ ಬಿಳಿ ಹಾಳೆ ಮೇಲೆ ಹೆಬ್ಬೆಟ್ಟು ಒತ್ತಿ ಕಳೆದುಕೊಂಡರು. ಈಗ ಅವರ ಮೊಮ್ಮಕ್ಕಳು ಹಳೆಯ ಕಾಗದ ಹಿಡಿದುಕೊಂಡು ಕಚೇರಿ ಅಲೆಯುತ್ತಾರೆ. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಬೇರೆ ಜಮೀನು ಹೀಗೇ ಕಳೆದುಕೊಂಡವರು, ಅದನ್ನು ವಾಪಸ್ ಕೊಡಿಸುವ ಪಿಟಿಸಿಎಲ್ ಕಾಯ್ದೆಯ ಕೇಸು ಹಿಡಿದುಕೊಂಡು ಉಪವಿಭಾಗಾಧಿಕಾರಿಗಳ ಕಚೇರಿಗೆ ಅಲೆಯುತ್ತಾರೆ. 1978ರ ಆ ಕಾಯ್ದೆಯಲ್ಲಿ ಕೇಸು ಹಾಕಲು ಕಾಲಮಿತಿ ಬರೆದಿರಲಿಲ್ಲ. ಆದರೂ ತಡವಾಗಿ ಬಂದಿರಿ ಅಂತ 2017ರಿಂದೀಚೆಗೆ ಕೋರ್ಟುಗಳು ಅರ್ಜಿ ವಜಾ ಮಾಡುತ್ತಾ ಬಂದವು. 2023ರಲ್ಲಿ ಸರ್ಕಾರ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬಿಡಿಸಿ ಹೇಳಬೇಕಾಯಿತು.

ಇನ್ನು ಒಂದು ಕೇಸಿನ ವಿಚಾರ. ಇನ್ನೂ ನಡೆಯುತ್ತಿರುವುದರಿಂದ ಊರಿನ ಹೆಸರು, ಜನರ ಹೆಸರು ಬರೆಯಲ್ಲ. ಕಾರ್ಖಾನೆಗಳ ಪಕ್ಕದ ಊರು ಅಂದರೆ ಸಾಕು. ಅಲ್ಲಿಂದ ಒಬ್ಬ ಹೆಂಗಸು ನನ್ನ ಆಫೀಸಿಗೆ ಬಂದರು. ಅವರ ಮಾವ ಊರಿನ ಕೊನೆಯ ನೀರುಗಂಟಿ. ಬಂದವರೇ ಬ್ಯಾಗಿನಿಂದ ಒಂದು ಕೂಲ್‌ಡ್ರಿಂಕ್ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟರು. ಒಳಗೆ ನೀರು. ಮೇಲೆ ಎಣ್ಣೆ ತೇಲಿದ ಹಾಗೆ ಬಣ್ಣ, ಅಡಿಯಲ್ಲಿ ಕಪ್ಪಗೆ ಕೂತ ರಾಡಿ. "ಬಟ್ಟೆ ಒಗುದ್ರೆ ಜಿಗುಟು ಹೋಗಲ್ಲ ಲಾಯರಮ್ಮ. ಹಸಾನೂ ಮೂತಿ ತಿರುಗಿಸ್ತದೆ. ಅನ್ನ ಮಾಡಿದ್ರೆ ಹಳ್ದಿ" ಅಂದರು. ಕಾರ್ಖಾನೆಯೊಂದರ ಕೊಳೆ ನೀರನ್ನು ರಾತ್ರಿ ಹೊತ್ತು ಟ್ಯಾಂಕರಿನಲ್ಲಿ ತಂದು ಹಳ್ಳಕ್ಕೆ ಬಿಡುತ್ತಿದ್ದರು. ಟ್ಯಾಂಕರ್ ಊರಿನವರದ್ದೇ. ಹಳ್ಳದ ಪಕ್ಕ ಕಾಲೊನಿಯ ಬಾವಿ.

ಆ ಬಾಟಲಿ ನೋಡಿ ನಾನು ಹೇಳಬೇಕಾಗಿ ಬಂದ ಮೊದಲ ಮಾತು, "ಅಕ್ಕ, ಇದು ಕೋರ್ಟಿನಲ್ಲಿ ನಡೆಯಲ್ಲ." 1974ರ ಜಲ ಕಾಯ್ದೆಯ 21ನೇ ಕಲಮಿನಲ್ಲಿ ಸ್ಯಾಂಪಲ್ ತೆಗೆಯುವ ಕ್ರಮ ಬರೆದಿದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ನೋಟಿಸು ಕೊಟ್ಟು, ಕಾರ್ಖಾನೆಯವರ ಎದುರಿಗೇ ತೆಗೆದು, ಎರಡು ಭಾಗ ಮಾಡಿ, ಸೀಲು ಹಾಕಿ, ಎರಡೂ ಕಡೆಯವರು ಸಹಿ ಮಾಡಿ ಲ್ಯಾಬಿಗೆ ಕಳಿಸಬೇಕು. ಆ ಕ್ರಮ ತಪ್ಪಿದರೆ ಲ್ಯಾಬ್ ರಿಪೋರ್ಟಿಗೆ ಬೆಲೆ ಇಲ್ಲ. ರಾತ್ರಿ ಎರಡು ಗಂಟೆಗೆ ಬರುವ ಟ್ಯಾಂಕರಿಗೆ ಯಾರು ನೋಟಿಸು ಕೊಡುತ್ತಾರೆ, ಯಾರ ಎದುರಿಗೆ ಎರಡು ಭಾಗ ಮಾಡುತ್ತಾರೆ? ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ ಬಾಟಲಿಯ ಮುಚ್ಚಳ ತೆಗೆದು ನನ್ನ ಕಡೆ ತಳ್ಳಿದರು. "ಮೂಸಿ ನೋಡಿ." ಮೂಸಿದೆ. ಆ ದಿನವೇ ವಕಾಲತ್ತಿಗೆ ಸಹಿ ಹಾಕಿಸಿಕೊಂಡೆ.

ಮಂಡಳಿಗೆ ದೂರು ಕೊಟ್ಟೆವು. ಅಧಿಕಾರಿಗಳು ಬಂದು ಹೋದರು. ಅವರು ಬಂದಿದ್ದು ಯಾಕೆ ಅಂತ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಕಾರ್ಖಾನೆಯಲ್ಲಿ ದಿನಗೂಲಿಗೆ ಹೋಗುತ್ತಿದ್ದ ಕಾಲೊನಿ ಹುಡುಗರಿಗೆ ಮಾರನೆಯ ದಿನದಿಂದ ಕೆಲಸ ಇಲ್ಲ. ರಾಗಿ ಮಿಲ್ಲಿನವನು ಬೆಲ್ಟ್ ಹರಿದಿದೆ ಅಂದ, ಬೇರೆಯವರ ರಾಗಿಗೆ ಮಾತ್ರ ಅದೇ ಬೆಲ್ಟು ಓಡುತ್ತಿತ್ತು. ಡೇರಿಯಲ್ಲಿ ಹಾಲಿಗೆ ಇದ್ದಕ್ಕಿದ್ದಂತೆ ಫ್ಯಾಟ್ ಬರುವುದು ನಿಂತುಹೋಯಿತು. ಕಾಲೊನಿಯ ಎಲ್ಲ ಮನೆಯ ಎಲ್ಲ ಹಸುವಿಗೂ ಒಂದೇ ವಾರದಲ್ಲಿ! ಯಾರೂ ಬಾಯಿಬಿಟ್ಟು ಬಹಿಷ್ಕಾರ ಅಂತ ಹೇಳಲಿಲ್ಲ. ಆಮೇಲೆ ಒಂದು ದಿನ ಅರಳಿಕಟ್ಟೆ ಹತ್ತಿರ ಮಾತಿಗೆ ಮಾತು ಬೆಳೆಯಿತು. "ಊರಿಗೆ ಬಂದ ಅನ್ನಕ್ಕೆ ಕಲ್ಲು ಹಾಕ್ತೀರಾ" ಅಂತ ಶುರುವಾಗಿದ್ದು ಜಾತಿ ಹಿಡಿದು ಬೈಯುವವರೆಗೂ, ಅಲ್ಲಿಂದ ಕೈ ಮಾಡುವವರೆಗೂ ಹೋಯಿತು. ಟ್ಯಾಂಕರ್ ಮಾಲೀಕನೂ ಆ ಗುಂಪಿನಲ್ಲಿದ್ದ. ಎಫ್‌ಐಆರ್ ಆಯಿತು. ಎರಡು ದಿನ ಬಿಟ್ಟು ಕಾಲೊನಿಯವರ ಮೇಲೆ ಕೌಂಟರ್ ಕೇಸೂ ಆಯಿತು, ಅದು ಯಾವತ್ತೂ ಆಗುವಂಥದ್ದೇ.

ಇಲ್ಲಿಂದ ಒಂದೇ ಜಗಳ ಎರಡು ಕಂತೆಯಾಯಿತು. ನೀರಿನ ವಿಚಾರ ಹಸಿರು ನ್ಯಾಯಮಂಡಳಿಗೆ, ಚೆನ್ನೈ ಪೀಠಕ್ಕೆ. ಬೈಗುಳ-ಹೊಡೆದಾಟದ ವಿಚಾರ ಜಿಲ್ಲೆಯ ವಿಶೇಷ ನ್ಯಾಯಾಲಯಕ್ಕೆ. ನ್ಯಾಯಮಂಡಳಿಯಲ್ಲಿ ನಾನು ಬಹಿಷ್ಕಾರದ ಮಾತೆತ್ತಿದರೆ ಎದುರು ವಕೀಲರು ಎದ್ದು ನಿಲ್ಲುತ್ತಾರೆ. ನ್ಯಾಯಮಂಡಳಿಯ 2010ರ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಏಳು ಕಾನೂನುಗಳಿವೆ, ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ, ಅಂದರೆ ಅಟ್ರಾಸಿಟಿ ಕಾಯ್ದೆ, ಅದರಲ್ಲಿ ಇಲ್ಲ ಅಂತ. ಸರಿಯೇ, ಇಲ್ಲ. ಇತ್ತ ಪೊಲೀಸರ ಹತ್ತಿರ ನೀರಿನ ಮಾತೆತ್ತಿದರೆ "ಮೇಡಂ, ಅದು ಪೊಲ್ಯೂಷನ್ ಬೋರ್ಡಿನವರದು, ನಮ್ದಲ್ಲ" ಅನ್ನುತ್ತಾರೆ. ಅದು ಮಾತ್ರ ಸರಿಯಲ್ಲ. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ ಅಂತ ಕೇಳುವುದಾದರೆ ನಾನು ಇದನ್ನೇ ಕೇಳುತ್ತೇನೆ.

ದೌರ್ಜನ್ಯ ತಡೆ ಕಾಯ್ದೆ ಅಂದರೆ ಜನಕ್ಕೆ ಗೊತ್ತಿರುವುದು ಜಾತಿ ನಿಂದನೆ. ಪೊಲೀಸರಿಗೂ ಅಷ್ಟೆ. ಚಾರ್ಜ್‌ಶೀಟ್ ತೆಗೆದರೆ 3(1)(ಆರ್), 3(1)(ಎಸ್), ಅಷ್ಟಕ್ಕೆ ಮುಗಿಯಿತು. ಅದೇ ಪಟ್ಟಿಯಲ್ಲಿ ಇನ್ನೂ ಕೆಳಗೆ 3(1)(ಎಕ್ಸ್) ಅಂತ ಒಂದಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಸಾಮಾನ್ಯವಾಗಿ ಬಳಸುವ ನೀರಿನ ಮೂಲವನ್ನು, ಆ ಬಳಕೆಗೆ ಮೊದಲಿನಷ್ಟು ಯೋಗ್ಯವಾಗಿ ಉಳಿಯದಂತೆ ಕೆಡಿಸುವುದು ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ಇದು ಹೊಸದಾಗಿ ಬಂದದ್ದೂ ಅಲ್ಲ. 1989ರ ಮೂಲ ಕಾಯ್ದೆಯಲ್ಲೇ ಇತ್ತು, 2015ರ ತಿದ್ದುಪಡಿಯಲ್ಲಿ ಅದರ ನಂಬರ್ ಬದಲಾಯಿತು ಅಷ್ಟೆ. ಅದರ ಹಿಂದೆ ಮುಂದೆ ಇರುವುದನ್ನೂ ನೋಡಿ. ಕೆರೆ, ಬಾವಿ, ಸ್ಮಶಾನ, ಊರಿನ ಸಾಮೂಹಿಕ ಆಸ್ತಿ ಬಳಸದಂತೆ ತಡೆಯುವುದು 3(1)(ಜೆಡ್‌ಎ). ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ 3(1)(ಜೆಡ್‌ಸಿ). 2016ರ ನಿಯಮಗಳಲ್ಲಿ ಪರಿಹಾರದ ಲೆಕ್ಕ ಕೂಡ ಇದೆ. ನೀರು ಕೆಡಿಸಿದ ಪ್ರಕರಣದಲ್ಲಿ ಅದನ್ನು ಮತ್ತೆ ಸರಿ ಮಾಡಿಸುವ ಪೂರ್ತಿ ಖರ್ಚು ಸರ್ಕಾರದ್ದು, ಅದರ ಮೇಲೆ 8.25 ಲಕ್ಷ ರೂಪಾಯಿಯನ್ನು ಆ ಸಮುದಾಯಕ್ಕೆ ಅನುಕೂಲ ಮಾಡಿಕೊಡಲು ಜಿಲ್ಲಾಧಿಕಾರಿ ಬಳಿ ಇಡಬೇಕು. ಅಂದರೆ ಕಾನೂನು ಬರೆದವರಿಗೆ ಊರಿನ ನಕ್ಷೆ ಚೆನ್ನಾಗಿಯೇ ಗೊತ್ತಿತ್ತು. ಕೆರೆ ಬೇರೆ, ಕಾಲೊನಿ ಬೇರೆ ಅಂತ ಕಂತೆ ಕಟ್ಟಿದ್ದು ನಾವು, ವಕೀಲರು ಮತ್ತು ಪೊಲೀಸರು.

ಚೆನ್ನೈ ಪೀಠದ ಕೆಲಸ ಈಗ ಎಷ್ಟೋ ಸುಲಭ. ಮೊದಲು ಬಂಗಾರಪೇಟೆಯಲ್ಲಿ ರೈಲು ಹತ್ತಬೇಕಿತ್ತು. ಈಗ ಆಫೀಸಿನಲ್ಲಿ ಕೂತೇ ವಿಡಿಯೊದಲ್ಲಿ ವಾದ ಮಾಡಬಹುದು. ಪರಿಹಾರದ ಹಣ ಕೇಳದಿದ್ದರೆ ಅರ್ಜಿ ಫೀಸು ಸಾವಿರ ರೂಪಾಯಿ. ಎಚ್ಚರ ಇರಬೇಕಾದ್ದು ಕಾಲಮಿತಿ ವಿಚಾರದಲ್ಲಿ. ನ್ಯಾಯಮಂಡಳಿ ಕಾಯ್ದೆಯ 14ನೇ ಕಲಮಿನಡಿ ಆರು ತಿಂಗಳೊಳಗೆ ಹೋಗಬೇಕು, ಊರವರು ಪಂಚಾಯ್ತಿ, ತಾಲ್ಲೂಕು ಆಫೀಸು ಅಂತ ಸುತ್ತುವುದರಲ್ಲೇ ಆರು ತಿಂಗಳು ಆಗಿಹೋಗುತ್ತದೆ. ವಿಚಾರಣೆಯ ದಿನ ಆ ಅಕ್ಕ ಮತ್ತು ಕಾಲೊನಿಯ ಇನ್ನಿಬ್ಬರು ನನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಲ್ಲ ಇಂಗ್ಲಿಷಿನಲ್ಲಿ. ಅವರಿಗೆ ಅರ್ಥವಾಗಿದ್ದು ಅವರ ಊರಿನ ಹೆಸರು ಮಾತ್ರ, ಅದನ್ನೂ ಅಲ್ಲಿಯವರು ಸರಿಯಾಗಿ ಹೇಳಲಿಲ್ಲ. ಮುಗಿದ ಮೇಲೆ "ನಮ್ ಪರವಾಗಿ ಆಯ್ತಾ?" ಅಂದರು. ಜಂಟಿ ಸಮಿತಿ ಮಾಡಿ ವರದಿ ಕೇಳಿದ್ದಾರೆ ಅಂದೆ. ಸಮಿತಿಯಲ್ಲಿ ಯಾರಿರುತ್ತಾರೆ ಅಂತ ಕೇಳಿದರು. ಮೊದಲು ಬಂದು ಹೋದ ಇಲಾಖೆಗಳವರೇ ಅಂತ ಹೇಳಿದೆ. ಅವರು ನಕ್ಕರು.

ಜಿಲ್ಲಾ ಕೋರ್ಟಿನ ಕೆಲಸ ಹಾಗಲ್ಲ. ಅಲ್ಲಿ ಸಾಕ್ಷಿ ಬಂದು ನಿಲ್ಲಬೇಕು. ನಮ್ಮ ಭಾಗದಲ್ಲಿ ಸಾಕ್ಷಿ ಅಂದ ಕೂಡಲೇ ಹಳಬರಿಗೆಲ್ಲ ನೆನಪಾಗುವುದು ಕಂಬಾಲಪಲ್ಲಿ. ಚಿಂತಾಮಣಿ ತಾಲ್ಲೂಕು, ಆಗ ಅದು ಕೋಲಾರ ಜಿಲ್ಲೆಯಲ್ಲೇ ಇತ್ತು. 2000ನೇ ಇಸವಿ ಮಾರ್ಚ್ 11. ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಕೋರ್ಟಿಗೆ ಬಂದಾಗ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತಿದ್ದು ನಿಜ, ಕೊಂದವರು ಮಾತ್ರ ದಾಖಲೆಯಲ್ಲಿ ಯಾರೂ ಇಲ್ಲ. ಸಾಕ್ಷಿಗಳು ಉಲ್ಟಾ ಹೊಡೆದರು ಅಂತ ಹೇಳುವುದು ಬಹಳ ಸುಲಭ. ನಾನೂ ಕಾಲೇಜಿನಲ್ಲಿ ಹಾಗೇ ಮಾತಾಡುತ್ತಿದ್ದೆ.

ಸಾಕ್ಷಿಯ ಒಂದು ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ಊರಿಗೆ ಬೆಳಿಗ್ಗೆ ಇರುವುದು ಒಂದೇ ಬಸ್ಸು. ಸಾಕ್ಷಿಯೂ ಅದರಲ್ಲೇ ಬರಬೇಕು, ಆರೋಪಿಯೂ ಅದರಲ್ಲೇ ಬರಬೇಕು. ಒಂದೇ ಬಸ್ಸಿನಲ್ಲಿ, ಎರಡು ಸೀಟು ಹಿಂದೆ ಮುಂದೆ, ಮುಕ್ಕಾಲು ಗಂಟೆ. ಯಾರೂ ಏನೂ ಹೆದರಿಸಬೇಕಾಗಿಲ್ಲ. ಟಿಕೆಟ್ ತೆಗೆಯುವಾಗ ಹಿಂದಿನಿಂದ ಒಬ್ಬರು "ಮಗಳ ಮದುವೆ ಮಾತುಕತೆ ಎಲ್ಲಿಗೆ ಬಂತು?" ಅಂತ ಕೇಳಿದರೆ ಸಾಕು. ಕೋರ್ಟಿಗೆ ಬಂದರೆ ಹೊಂಗೆ ಮರದ ಕೆಳಗೆ ಮಧ್ಯಾಹ್ನದವರೆಗೆ ಕಾಯಬೇಕು. ಆಮೇಲೆ ಸಾಹೇಬರು ರಜೆ, ಅಥವಾ ಎದುರು ವಕೀಲರಿಗೆ ಬೇರೆ ಕೋರ್ಟಿನಲ್ಲಿ ಕೆಲಸ. ವಾಯಿದೆ. ಅವತ್ತಿನ ಕೂಲಿ ಹೋಯಿತು. ಪ್ರಯಾಣಭತ್ಯೆ, ದಿನಭತ್ಯೆ ಕೊಡಬೇಕು ಅಂತ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ ಇದೆ. ಆ ಫಾರಂ ತುಂಬಿಸಿ ಹಿಂದೆ ಬೀಳುವುದೂ ನನ್ನ ಕೆಲಸವೇ. ಸಂಜೆ ಮತ್ತೆ ಅದೇ ಬಸ್ಸು. ಚಾರ್ಜ್‌ಶೀಟ್ ಆದ ಎರಡು ತಿಂಗಳೊಳಗೆ ಸಾಧ್ಯವಾದ ಮಟ್ಟಿಗೆ ವಿಚಾರಣೆ ಮುಗಿಯಬೇಕು ಅಂತ ಅದೇ ದೌರ್ಜನ್ಯ ತಡೆ ಕಾಯ್ದೆಯ 14ನೇ ಕಲಮಿನಲ್ಲಿ ಬರೆದಿದೆ. ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗೋಪಾಲಪುರದಲ್ಲಿ 2010ರಲ್ಲಿ ನಡೆದ ದಲಿತ ಮಹಿಳೆಯ ಕೊಲೆಗೆ ಶಿಕ್ಷೆಯಾಗಿದ್ದು 2024ರ ನವೆಂಬರ್‌ನಲ್ಲಿ. 21 ಜನಕ್ಕೆ ಜೀವಾವಧಿ. ಸುದ್ದಿ ಓದಿದ ದಿನ ನನಗೆ ನೆನಪಾಗಿದ್ದು ಅಷ್ಟು ವರ್ಷ ಬಸ್ಸು ಹತ್ತಿ ಇಳಿದ ಜನ.

ಹಾಗಾಗಿ ಈ ವೃತ್ತಿಯಲ್ಲಿ ನನ್ನ ಜಾಸ್ತಿ ಸಮಯ ಹೋಗುವುದು ವಾದಕ್ಕಲ್ಲ. ಕೋರ್ಟ್ ದಿನ ಕಾಲೊನಿಗೆ ಒಂದು ಆಟೋ ಮಾತಾಡುವುದು, ಯಾರ ಮನೆಯಲ್ಲಿ ಯಾರು ರಾಜಿ ಮಾತಾಡಲು ಬಂದಿದ್ದರು ಅಂತ ಕೇಳಿ ತಿಳಿದುಕೊಳ್ಳುವುದು, ಇಂಥದ್ದಕ್ಕೆ. ರಾಜಿಗೆ ಬರುವವರು ಕೆಟ್ಟವರೇ ಆಗಿರಬೇಕಿಲ್ಲ. "ಲಾಯರಮ್ಮ ಸಂಜೆ ಮನೆಗೆ ಹೋಗ್ತಾರೆ, ನಾವು ಊರಲ್ಲೇ ಬಾಳಬೇಕಲ್ವಾ" ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ದೌರ್ಜನ್ಯ ತಡೆ ಕಾಯ್ದೆಯಲ್ಲಿ 2016ರಿಂದ ಜಾರಿಯಲ್ಲಿರುವ 15ಎ ಕಲಮಿನಲ್ಲಿ ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ ಇದೆ, ಜಾಮೀನು ಅರ್ಜಿಯಲ್ಲೂ ಅವರ ಮಾತು ಕೇಳಬೇಕು ಅಂತಿದೆ, ಕಲಾಪ ವಿಡಿಯೊ ರೆಕಾರ್ಡ್ ಆಗಬೇಕು ಅಂತಿದೆ. ಒಳ್ಳೆಯ ಕಲಮು. ಆದರೆ ಅದರಲ್ಲಿ ರಾಗಿ ಮಿಲ್ಲಿನ ಬೆಲ್ಟಿನ ವಿಚಾರ ಬರಲ್ಲ.

ಅಲ್ಪಸಂಖ್ಯಾತರ ಕೇಸುಗಳಲ್ಲಿ ಕೈಗೆ ಸಿಗುವ ಸಲಕರಣೆ ಇನ್ನೂ ಕಡಿಮೆ. ಊರಿಗೆ ನಾಲ್ಕೈದು ಮನೆ ಮುಸ್ಲಿಮರಿರುತ್ತಾರೆ. ಖಬರಸ್ತಾನ ಹಳ್ಳದ ಆಚೆ. ಹಳ್ಳದ ದಂಡೆಯೇ ದಾರಿ. ಲೇಔಟ್ ಬಂದು ಆ ದಂಡೆಗೆ ಬೇಲಿ ಬಿದ್ದರೆ ಅವರಿಗೆ ದೌರ್ಜನ್ಯ ತಡೆ ಕಾಯ್ದೆ ಇಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133, ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನ 152ನೇ ಕಲಮು ಹಿಡಿದು ಸಾರ್ವಜನಿಕ ದಾರಿಗೆ ಅಡ್ಡಿ ಅಂತ ಹೋಗಬೇಕು. ಅಲ್ಲೂ ಉಪಯೋಗಕ್ಕೆ ಬರುವುದು ಅದೇ ನಕ್ಷೆ, ಹಳ್ಳ-ದಾರಿಯನ್ನು ಸಾರ್ವಜನಿಕ ಜಾಗ ಅಂತ ತೋರಿಸುವ ಅದೇ ಬಿ ಖರಾಬು. ಹಳ್ಳ ಉಳಿದರೆ ದಾರಿ ಉಳಿಯುತ್ತದೆ. ಕೆಜಿಎಫ್‌ನಲ್ಲಿ ಇನ್ನೊಂದು ಥರ. ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅದಿರು ಅರೆದು ಬಿಟ್ಟ ಪುಡಿಯ 13 ಸೈನೈಡ್ ಗುಡ್ಡಗಳು ಹಾಗೇ ಉಳಿದವು. ಗಾಳಿ ಕಾಲದಲ್ಲಿ ಆ ಧೂಳು ಬಂದು ಕೂರುವುದು ಗಣಿ ಕಾರ್ಮಿಕರ ಲೈನುಗಳಲ್ಲಿ. ಅಲ್ಲಿರುವವರಲ್ಲಿ ಬಹಳ ಜನ ತಮಿಳು ಮಾತಾಡುವ ದಲಿತರು, ಅವರಲ್ಲಿ ಎಷ್ಟೋ ಜನ ಕ್ರೈಸ್ತರು. ಕೆಡಿಸಿದವನೇ ದಂಡ ತೆರಬೇಕು ಅನ್ನುವ ತತ್ವವನ್ನು ಸುಪ್ರೀಂ ಕೋರ್ಟ್ 1996ರ ವೆಲ್ಲೂರು ಕೇಸಿನಲ್ಲೇ ಹೇಳಿದೆ. ಕಂಪನಿಯೇ ಮುಚ್ಚಿಹೋದರೆ ದಂಡ ಯಾರ ಹತ್ತಿರ ಕೇಳುವುದು?

ಇನ್ನು ನನ್ನನ್ನು ನಿಜವಾಗಿ ಕಾಡುವ ಕೇಸುಗಳು. ಕೆರೆ ಉಳಿಸುವುದೂ ಬಡವರನ್ನು ಉಳಿಸುವುದೂ ಯಾವಾಗಲೂ ಒಂದೇ ಕಡೆ ನಿಲ್ಲುವುದಿಲ್ಲ. 2011ರ ಜಗಪಾಲ್ ಸಿಂಗ್ ತೀರ್ಪು ಕೆರೆ ಕೇಸು ಮಾಡುವವರ ಎಲ್ಲರ ಬ್ಯಾಗಿನಲ್ಲೂ ಇರುತ್ತದೆ. ಊರಿನ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಸುಪ್ರೀಂ ಕೋರ್ಟ್ ಹೇಳಿದ ತೀರ್ಪು. ಅದೇ ತೀರ್ಪಿನ ಕೊನೆಯಲ್ಲಿ, ಸರ್ಕಾರದ ಅಧಿಸೂಚನೆಯಡಿ ಭೂಹೀನ ಕೂಲಿಗಳಿಗೋ ಪರಿಶಿಷ್ಟರಿಗೋ ಗುತ್ತಿಗೆ ಕೊಟ್ಟಿದ್ದರೆ ವಿನಾಯಿತಿ ಯೋಚಿಸಬಹುದು ಅಂತಲೂ ಇದೆ. ಆ ಸಾಲನ್ನು ಯಾರೂ ಓದಲ್ಲ. ಜೆಸಿಬಿ ಬಂದರೆ ಮೊದಲು ಹೋಗುವುದು ಕೆರೆ ಅಂಗಳದ ಅಂಚಿನಲ್ಲಿ ಅರ್ಧ ಎಕರೆ ಹುರುಳಿ ಹಾಕಿಕೊಂಡವನ ಹತ್ತಿರ. ಬಡಾವಣೆ ಮಾಡಿದವನ ಹತ್ತಿರ ಸ್ಟೇ ಇರುತ್ತದೆ. ಅರ್ಧ ಎಕರೆಯವನ ಹತ್ತಿರ ಇರುವುದು ಎಂದೋ ಹಾಕಿದ ಬಗರ್‌ಹುಕುಂ ಅರ್ಜಿಯ ಜೆರಾಕ್ಸ್. ಕೆರೆ ಒತ್ತುವರಿ ತೆಗೆಸಿ ಅಂತ ಅರ್ಜಿ ಹಾಕಿದ ನಾನೇ, ಅದೇ ಕೆರೆಯ ಅಂಗಳದಲ್ಲಿ ಇವನನ್ನು ಕೊನೆಗೆ ತೆಗೆಯಿರಿ, ಬೇರೆ ಕಡೆ ಜಾಗ ಕೊಟ್ಟು ತೆಗೆಯಿರಿ ಅಂತ ತಹಶೀಲ್ದಾರರ ಮುಂದೆ ನಿಂತಿದ್ದೇನೆ. ಪರಿಸರದ ಗೆಳೆಯರು ಸಿಟ್ಟಾದರು. ಆಗಲಿ. ದೊಡ್ಡ ಒತ್ತುವರಿ ಮೊದಲು, ಸಣ್ಣದು ಆಮೇಲೆ. ಇದರಲ್ಲಿ ನಾನು ಬಗ್ಗುವುದಿಲ್ಲ.

ಕೆ.ಸಿ. ವ್ಯಾಲಿ ವಿಚಾರದಲ್ಲೂ ಗೆಳೆಯರು ಎರಡು ಗುಂಪಾದರು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ ನಮ್ಮ ಕೆರೆಗಳಿಗೆ ಹರಿಸುವ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಜುಲೈನಲ್ಲಿ ನೊರೆ ಎದ್ದಿತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆಂಜನೇಯ ರೆಡ್ಡಿಯವರು ಕೋರ್ಟಿಗೆ ಹೋದರು. ಹೈಕೋರ್ಟ್ ನೀರು ನಿಲ್ಲಿಸಿತು, ಆಮೇಲೆ ಬಿಡಲು ಒಪ್ಪಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಕೆಲವು ತಿಂಗಳಲ್ಲಿ ಅದೂ ತೆರವಾಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವ ಬೇಡಿಕೆ ಇವತ್ತಿಗೂ ಇದೆ. ನನ್ನ ಮತವೂ ಅದೇ. ಆದರೆ ಸಾವಿರ ಅಡಿ ಕೊರೆದರೂ ಹೊಗೆ ಬರುತ್ತಿದ್ದ ಜಾಗದಲ್ಲಿ ಕೆರೆ ತುಂಬಿದ ದಿನ ಏರಿ ಮೇಲೆ ನಿಂತು ಪೂಜೆ ಮಾಡಿದವರನ್ನು ನೋಡಿ ತಿಳಿಗೇಡಿಗಳು ಅಂತ ಬರೆದವರ ಜೊತೆ ನಾನಿಲ್ಲ. ನನ್ನ ತಕರಾರು ಬೇರೆ. ಕೆರೆ ತುಂಬಿ ಅಂತರ್ಜಲ ಏರಿದರೆ ಅದನ್ನು ಎತ್ತುವುದು ಜಮೀನು ಇದ್ದವರ ಮೋಟಾರು. ಕೂಲಿಯವರಿಗೆ ಕೆರೆ ಅಂದರೆ ಬಟ್ಟೆ ಒಗೆಯುವ ಕಲ್ಲು, ದನ ಮೈತೊಳೆಯುವ ಜಾಗ, ನಾಲ್ಕು ಮೀನು. ಅವರು ಆ ನೀರಿಗೆ ನೇರವಾಗಿ ಇಳಿಯುವವರು. ನೀರಿನ ಪರೀಕ್ಷೆಯ ವರದಿ ಏನು ಹೇಳುತ್ತದೆ ಅಂತ ಮೊದಲು ಗೊತ್ತಾಗಬೇಕಾದ್ದು ಅವರಿಗೆ, ಅದೂ ಪಂಚಾಯ್ತಿ ಬೋರ್ಡಿನ ಮೇಲೆ, ಕನ್ನಡದಲ್ಲಿ.

ಬೈಗುಳದ ಬಗ್ಗೆ ಜಾಸ್ತಿ ಬರೆಯಲ್ಲ. ಅಭಿವೃದ್ಧಿ ವಿರೋಧಿ ಅನ್ನುತ್ತಾರೆ, ಅದು ಅಭ್ಯಾಸವಾಗಿದೆ. ಬ್ಲ್ಯಾಕ್‌ಮೇಲ್ ಲಾಯರ್ ಅಂದಾಗ ಮಾತ್ರ ಸ್ವಲ್ಪ ಚುಚ್ಚುತ್ತದೆ, ಯಾಕಂದ್ರೆ ಅರ್ಜಿ ಹಾಕಿ, ಕಾಸು ಇಸಕೊಂಡು, ಅರ್ಜಿ ವಾಪಸ್ ತಗೊಳ್ಳುವವರು ನಿಜಕ್ಕೂ ಇದ್ದಾರೆ. ಅವರಿಂದಾಗಿ ಕಾರ್ಖಾನೆಯವರು ನನ್ನನ್ನು ಮೊದಲ ಸಲ ನೋಡಿದಾಗ ಕೇಳುವುದು "ಏನು ಮಾಡ್ಬೇಕು ಹೇಳಿ ಮೇಡಂ" ಅಂತ. ನಮ್ಮಮ್ಮ ಇವತ್ತಿಗೂ ಜಡ್ಜ್ ಪರೀಕ್ಷೆಯ ನೋಟಿಫಿಕೇಷನ್ ಕತ್ತರಿಸಿ ಇಡುತ್ತಾರೆ. ವಯಸ್ಸು ಮೀರಿದೆ ಅಂತ ಹೇಳಿದರೂ ಕೇಳಲ್ಲ.

ಈಗ ಆ ಟ್ಯಾಂಕರ್ ಕೇಸಿಗೆ ಬರುತ್ತೇನೆ. ಚಾರ್ಜ್‌ಶೀಟಿನಲ್ಲಿ ನೀರಿನ ಸುದ್ದಿಯೇ ಇರಲಿಲ್ಲ. ವಿಚಾರಣೆ ಮುಗಿದು ತೀರ್ಪು ಬರುವವರೆಗೂ ದೋಷಾರೋಪ ಬದಲಿಸುವ, ಸೇರಿಸುವ ಅಧಿಕಾರ ಕೋರ್ಟಿಗಿದೆ. ನಾವು ಸಂತ್ರಸ್ತರ ಮಾತು ಕೇಳಬೇಕು ಅನ್ನುವ 15ಎ(5) ಹಿಡಿದು, ಸರ್ಕಾರಿ ಅಭಿಯೋಜಕರ ಮೂಲಕ ಲಿಖಿತ ಮನವಿ ಕೊಟ್ಟಿದ್ದೇವೆ. ಟ್ಯಾಂಕರ್ ಮಾಲೀಕನ ಮೇಲೆ 3(1)(ಎಕ್ಸ್) ಸೇರಿಸಬೇಕು, ಉಳಿದವರ ಮೇಲೆ ಬಹಿಷ್ಕಾರದ ಕಲಮು ಸೇರಿಸಬೇಕು ಅಂತ. ಎದುರು ವಕೀಲರು ಬುದ್ಧಿವಂತರು. ಇಂಥ ಮನವಿ ಕೊಡುವ ಹಕ್ಕೇ ಇವರಿಗಿಲ್ಲ ಅನ್ನುವುದು ಅವರ ಮೊದಲ ಆಕ್ಷೇಪಣೆ. ಎರಡನೆಯದು ಇನ್ನೂ ಚೆನ್ನಾಗಿತ್ತು. "ಸ್ವಾಮಿ, ಹಳ್ಳದ ನೀರು ಜಾತಿ ನೋಡಿ ಹರಿಯುತ್ತಾ?" ಕೋರ್ಟಿನಲ್ಲಿ ಎಲ್ಲರೂ ನಕ್ಕರು, ನನಗೂ ನಗು ಬಂತು.

ಆಮೇಲೆ ನಾನು ನಕ್ಷೆ ಬಿಡಿಸಿದೆ. ಕಾರ್ಖಾನೆ ರಸ್ತೆಯಿಂದ ಬಂದರೆ ಹಳ್ಳಕ್ಕೆ ಟ್ಯಾಂಕರ್ ಇಳಿಸಬಹುದಾದ ಮೊದಲ ಜಾಗ ಊರ ಬಾವಿಯ ಮೇಲ್ಗಡೆ. ರಸ್ತೆ ಅಗಲ ಇದೆ, ರಿವರ್ಸ್ ಹೊಡೆಯಲು ಜಾಗ ಇದೆ. ಅಲ್ಲಿ ಬಿಡುತ್ತಿರಲಿಲ್ಲ. ಊರು ದಾಟಿ, ಸ್ಕೂಲು ದಾಟಿ, ಕಿರಿದಾದ ಮಣ್ಣು ದಾರಿಯಲ್ಲಿ ಇಳಿದು, ಊರ ಬಾವಿಯ ಕೆಳಗೆ, ಕಾಲೊನಿ ಬಾವಿಯ ಮೇಲೆ ಬಿಡುತ್ತಿದ್ದರು. ಮಹಜರಿನಲ್ಲಿ ಟೈರ್ ಗುರುತು ಇರುವುದೂ ಅಲ್ಲೇ. ಆ ಕಲಮಿನಲ್ಲಿ ಉದ್ದೇಶ ಸಾಬೀತು ಮಾಡಬೇಕು ಅಂತ ಎಲ್ಲೂ ಬರೆದಿಲ್ಲ. ಆದರೂ ನೋಡಲಿ ಅಂತ ತೋರಿಸಿದೆ. ಹಳ್ಳದ ನೀರು ಜಾತಿ ನೋಡಲ್ಲ ಸ್ವಾಮಿ, ಟ್ಯಾಂಕರಿಗೆ ಡ್ರೈವರ್ ಇರುತ್ತಾನೆ ಅಂದೆ. ಸಾಹೇಬರು ನಕ್ಷೆಯನ್ನು ದಾಖಲೆಗೆ ತೆಗೆದುಕೊಂಡು ಆದೇಶಕ್ಕೆ ಇಟ್ಟರು.

ಹೊರಗೆ ಬಂದು ಅಕ್ಕನಿಗೆ ತಾರೀಕು ಹೇಳಿದೆ. ಆರ್ಡರ್ ನಮ್ಮ ಪರ ಆಗದಿದ್ದರೆ ಹೈಕೋರ್ಟಿಗೆ ಹೋಗಬೇಕಾಗುತ್ತದೆ, ಅದಕ್ಕೆ ಸಹಿ ಬೇಕಾಗುತ್ತದೆ, ತಪ್ಪದೆ ಬನ್ನಿ ಅಂದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಆ ವಾರ ರಾಗಿ ಕುಯ್ಲು ಲಾಯರಮ್ಮ. ಆಳು ಸಿಗಲ್ಲ. ಇನ್ನೊಂದು ಡೇಟ್ ಕೇಳ್ರಲ್ಲ" ಅಂದರು. ಆರ್ಡರಿನ ಡೇಟು ನಾವು ಕೇಳಿದ ಹಾಗೆ ಬದಲಾಗಲ್ಲ ಅಂತ ವಿವರಿಸಿದೆ. ಹಾಗಾದರೆ ಮಗನನ್ನು ಕಳಿಸುತ್ತೇನೆ, ಇಲ್ಲ ನೀವೇ ಪೇಪರ್ ತಗೊಂಡು ಹೊಲದ ಹತ್ತಿರ ಬಂದುಬಿಡಿ ಅಂದು ಬಸ್ಸಿಗೆ ಹೊರಟರು.